ರಜೆಗೆ ಬಂದವರ ಫೈಲು

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ನಮ್ಮಂಥವರ ಮನೆಗಳಲ್ಲಿ ಎರಡು ಪಟ್ಟಿ ಸಿದ್ಧವಾಗುತ್ತವೆ. ಹೊರದೇಶದಿಂದ ಬರುವ ಮಕ್ಕಳು ಮೊಮ್ಮಕ್ಕಳಿಗೆ ಏನೇನು ಮಾಡಿ ಹಾಕಬೇಕು ಎಂಬ ನಮ್ಮ ಪಟ್ಟಿ ಒಂದು: ಹಿದುಕಿದ ಬೇಳೆ ಹುಳಿ, ಅವರೆಕಾಳು ಉಪ್ಪಿಟ್ಟು, ನಿಪ್ಪಟ್ಟು, ವಾಪಸ್ ಹೋಗುವಾಗ ಕಟ್ಟಿಕೊಡಲು ಚಟ್ನಿಪುಡಿ, ಸಾರಿನ ಪುಡಿ. ಇನ್ನೊಂದು, ಅವರೇ ಅಲ್ಲಿಂದ ವಾಟ್ಸಾಪಿನಲ್ಲಿ ಕಳಿಸುವ ಪಟ್ಟಿ. ಮೊದಲೆಲ್ಲ ಅದರಲ್ಲಿ ಮೈಸೂರು ಸಿಲ್ಕ್ ಸೀರೆ, ಬೆಳ್ಳಿ ದೀಪ, ಎರಡು ಜೊತೆ ಕನ್ನಡಕ, ಧರ್ಮಸ್ಥಳಕ್ಕೆ ಹೋಗಿಬರಲು ಕಾರು ಇರುತ್ತಿತ್ತು. ಈಗ ಸೀರೆ ಕೆಳಕ್ಕೆ ಇಳಿದಿದೆ. ಮೇಲೆ ಬಂದು ಕೂತಿರುವುದು ಸೊಂಟದ ಎಂಆರ್‌ಐ, ಹೊಟ್ಟೆಯ ಅಲ್ಟ್ರಾಸೌಂಡ್, ರೂಟ್ ಕೆನಾಲ್, ಫುಲ್ ಬ್ಲಡ್ ಚೆಕಪ್.

ಟೆಕ್ಸಸ್‌ನಲ್ಲಿರುವ ನಮ್ಮಕ್ಕನ ಮಗ ಹೋದ ಸಲ ಕಳಿಸಿದ ಪಟ್ಟಿಯ ಕೊನೆಯಲ್ಲಿ ಹೀಗೊಂದು ಸಾಲಿತ್ತು: "ಚಿಕ್ಕಮ್ಮ, ಹದಿನೈದು ನಿಮಿಷ ಕೂತು ಮಾತಾಡೋ ಡಾಕ್ಟರ್ ಯಾರಾದ್ರೂ ಗೊತ್ತಿದ್ರೆ ಅಪಾಯಿಂಟ್‌ಮೆಂಟ್ ತಗೊಂಡಿರಿ." ಸ್ಕ್ಯಾನು ಅವನಿಗೆ ಮೊದಲ ಬೇಡಿಕೆ, ಮಾತು ಕೊನೆಯದು. ನನಗೆ ಆ ಕೊನೆಯ ಸಾಲೇ ಮುಖ್ಯ ಅನಿಸಿತು, ಇವತ್ತಿಗೂ ಅನಿಸುತ್ತದೆ.

ಅವನ ಕಷ್ಟ ಕಷ್ಟವೇ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಸೊಂಟ ಹಿಡಿದುಕೊಂಡು, ನೋವು ಎಡಗಾಲಿಗೆ ಇಳಿಯಲು ಶುರುವಾಗಿತ್ತು. ಅಲ್ಲಿನ ಕ್ಲಿನಿಕ್ಕಿನವರು ಎಂಆರ್‌ಐ ಮಾಡಿಸಿ ಎಂದರು. ಇನ್ಶೂರೆನ್ಸ್ ಇದೆಯಲ್ಲ, ಮಾಡಿಸಿಕೊಳ್ಳೋ ಎಂದರೆ, "ಇದೆ ಚಿಕ್ಕಮ್ಮ, ಆದ್ರೆ ವರ್ಷದ ಮೊದಲ ಕೆಲವು ಸಾವಿರ ಡಾಲರ್ ನಾನೇ ಕೈಯಿಂದ ಕಟ್ಟಬೇಕು, ಆಮೇಲಷ್ಟೇ ಅವರು ಕೊಡೋದು" ಅಂದ. ಡಿಡಕ್ಟಿಬಲ್ ಅಂತಾರೆ ಅದಕ್ಕೆ. ಅಮೆರಿಕದಲ್ಲಿ ಕೆಲಸ ಮಾಡುವ ಬಹಳಷ್ಟು ಜನರ ವಿಮೆ ಇರುವುದೇ ಹೀಗೆ. ಅದಕ್ಕಿಂತ ಕಷ್ಟದ್ದು, ಬಿಲ್ಲು ಎಷ್ಟು ಬರುತ್ತದೆ ಎಂದು ಮೊದಲೇ ತಿಳಿಯದಿರುವುದು. ಒಂದೇ ಊರಿನಲ್ಲಿ, ಒಂದೇ ಸೊಂಟಕ್ಕೆ, ರಸ್ತೆ ಬದಿಯ ಇಮೇಜಿಂಗ್ ಸೆಂಟರಿನವರು ಕೆಲವು ನೂರು ಡಾಲರ್ ಹೇಳಿದರೆ ದೊಡ್ಡ ಆಸ್ಪತ್ರೆಯವರು ಅದರ ಹಲವು ಪಟ್ಟು ಹಾಕಿರುತ್ತಾರೆ. ಆಸ್ಪತ್ರೆಗಳು ತಮ್ಮ ದರಗಳನ್ನು ಬಹಿರಂಗವಾಗಿ ಪ್ರಕಟಿಸಲೇಬೇಕು ಎಂಬ ನಿಯಮ ಅಲ್ಲಿ ಜಾರಿಗೆ ಬಂದದ್ದೇ 2021ರ ಜನವರಿಯಲ್ಲಿ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿ ಅರ್ಧ ಶತಮಾನ ಕಳೆದ ಮೇಲೆ!

ಇಲ್ಲಿ ಜಯನಗರದ ಯಾವುದಾದರೂ ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಿ. "ಲಂಬಾರ್ ಸ್ಪೈನಾ ಮೇಡಂ? ಪ್ಲೇನಾ, ಕಾಂಟ್ರಾಸ್ಟಾ?" ಎಂದು ಕೇಳಿ ಅರ್ಧ ನಿಮಿಷದಲ್ಲಿ ರೇಟು ಹೇಳುತ್ತಾರೆ. ಆರೇಳು ಸಾವಿರದಿಂದ ಹತ್ತು ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಬೆಳಿಗ್ಗೆ ಹೋದರೆ ಸಂಜೆಗೆ ರಿಪೋರ್ಟು. ನೂರು ಡಾಲರಿನ ಆಚೀಚೆ. ಹೇಗೂ ಅಮ್ಮನನ್ನು ನೋಡಲು ಟಿಕೆಟ್ ತೆಗೆದಿದ್ದಾನೆ, ಸೊಂಟವನ್ನೂ ಇಲ್ಲೇ ತೋರಿಸಿಕೊಳ್ಳುತ್ತಾನೆ. ಇದರಲ್ಲಿ ತಪ್ಪು ಹುಡುಕುವುದಕ್ಕೆ ನನಗಂತೂ ಮನಸ್ಸಿಲ್ಲ.

ಇಂಗ್ಲೆಂಡಿನಲ್ಲಿರುವ ನನ್ನ ಓರಗಿತ್ತಿಯ ಕಥೆ ಬೇರೆ. ಅಲ್ಲಿ ಸರ್ಕಾರಿ ವ್ಯವಸ್ಥೆಯಲ್ಲಿ ಸ್ಕ್ಯಾನಿಗೆ ಒಂದು ಪೆನ್ನಿಯೂ ಇಲ್ಲ. ಆದರೆ ಸರದಿ. ಬರೆದುಕೊಟ್ಟ ಪರೀಕ್ಷೆ ಆರು ವಾರದೊಳಗೆ ಆಗಬೇಕು ಎಂಬುದು ಅವರೇ ಇಟ್ಟುಕೊಂಡ ಗುರಿ. ಕೋವಿಡ್ ಆದಮೇಲೆ ಆ ಗುರಿ ಬಹಳ ಜನಕ್ಕೆ ಗುರಿಯಾಗಿಯೇ ಉಳಿದಿದೆ. ಕೆನಡಾದಲ್ಲಿರುವವರು ತಿಂಗಳುಗಳ ಲೆಕ್ಕ ಹೇಳುತ್ತಾರೆ. ಒಬ್ಬರಿಗೆ ದುಡ್ಡಿನ ತಾಪತ್ರಯ, ಒಬ್ಬರಿಗೆ ಕಾಯುವ ತಾಪತ್ರಯ. ಇಬ್ಬರೂ ಬಂದಿಳಿಯುವುದು ದೇವನಹಳ್ಳಿಯಲ್ಲೇ.

ಇಲ್ಲಿ ಅಗ್ಗ ಯಾಕೆ ಎಂದು ಅವರೂ ಕೇಳುತ್ತಾರೆ, ಕೇಳುವಾಗ ದನಿಯಲ್ಲಿ ಸಣ್ಣ ಅನುಮಾನವೂ ಇರುತ್ತದೆ. ಮಷೀನು ಹಳೆಯದಾ? ಹಾಗೇನಿಲ್ಲ. ಸೀಮೆನ್ಸ್, ಜಿಇ, ಫಿಲಿಪ್ಸ್, ಅಲ್ಲಿರುವ ಕಂಪನಿಗಳದ್ದೇ ಇಲ್ಲೂ. ವ್ಯತ್ಯಾಸ ಇರುವುದು ಅದನ್ನು ದುಡಿಸುವ ರೀತಿಯಲ್ಲಿ. ಎಂಆರ್‌ಐ ಯಂತ್ರದ ಒಳಗಿನ ಅಯಸ್ಕಾಂತದ ಸುರುಳಿಯನ್ನು ದ್ರವ ಹೀಲಿಯಂನಲ್ಲಿ ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಟ್ಟಿರುತ್ತಾರೆ. ಅದನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಾಕುವ ಹಾಗಿಲ್ಲ. ಪೇಷಂಟ್ ಒಳಗಿರಲಿ ಬಿಡಲಿ, ಅದು ತಣ್ಣಗಿರಬೇಕು, ಖರ್ಚು ನಡೆಯುತ್ತಲೇ ಇರಬೇಕು. ಹಾಗಾಗಿ ನಮ್ಮವರು ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ರಾತ್ರಿ ಹನ್ನೊಂದಾದರೂ ಮುಚ್ಚುವುದಿಲ್ಲ. ಒಬ್ಬರು ಇಳಿದರೆ ಇನ್ನೊಬ್ಬರು. ಅದರ ಜೊತೆಗೆ ಟೆಕ್ನೀಷಿಯನ್ನಿನಿಂದ ಹಿಡಿದು ಆಯಾವರೆಗೆ ಎಲ್ಲರ ಸಂಬಳವೂ ಕಡಿಮೆ. ನಮಗೆ ಸಿಗುವ ಅಗ್ಗದಲ್ಲಿ ಅವರ ಪಾಲಿನ ತ್ಯಾಗವೂ ಸೇರಿದೆ ಎಂಬುದನ್ನು ಹೇಳದೆ ಮುಂದೆ ಹೋಗಬಾರದು.

ಗಾಳಿ ಹೀಗೆ ತಿರುಗಿದ್ದನ್ನು ನನ್ನ ಕಾಲದವರು ಕಣ್ಣಾರೆ ಕಂಡಿದ್ದೇವೆ. ನಾವು ಚಿಕ್ಕವರಿದ್ದಾಗ "ಫಾರಿನ್ನಿಗೆ ಕರ್ಕೊಂಡು ಹೋಗಿದ್ದಾರಂತೆ" ಎಂದರೆ ಕಾಯಿಲೆ ದೊಡ್ಡದು, ಮನೆತನವೂ ದೊಡ್ಡದು ಎಂದು ಅರ್ಥ. ನಮಗೂ ಹಿಂದಿನವರಿಗೆ ಕಮಲಾ ನೆಹರೂ ಅವರ ಕ್ಷಯ ನೆನಪು. ಯುರೋಪಿಗೆ ಹೋದರೂ ಉಳಿಯಲಿಲ್ಲ, 1936ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ನಮಗೆ ನೆನಪಿರುವುದು 1984. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಅವರನ್ನು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಆಸ್ಪತ್ರೆಗೆ ಒಯ್ದಿದ್ದರು, ಅಲ್ಲಿ ಮಲಗಿಕೊಂಡೇ ಅವರು ಇಲ್ಲಿ ಚುನಾವಣೆ ಗೆದ್ದರು. ಅದಕ್ಕೂ ಒಂದು ವರ್ಷ ಮೊದಲು, 1983ರಲ್ಲಿ, ಅದೇ ಮದ್ರಾಸಿನಲ್ಲಿ ಡಾ. ಪ್ರತಾಪ್ ಸಿ. ರೆಡ್ಡಿ ಅಪೋಲೊ ಆಸ್ಪತ್ರೆ ತೆರೆದಿದ್ದರು. ಹೃದಯದ ಶಸ್ತ್ರಚಿಕಿತ್ಸೆಗೆ ಅಮೆರಿಕಕ್ಕೆ ಹೋಗಬೇಕಿದ್ದ ತಮ್ಮ ರೋಗಿಯೊಬ್ಬರು ಹಣ ಹೊಂದಿಸಲಾಗದೆ ಸತ್ತದ್ದೇ ಆ ಆಸ್ಪತ್ರೆಗೆ ಪ್ರೇರಣೆ ಎಂದು ಅವರು ಹೇಳಿಕೊಂಡು ಬಂದಿದ್ದಾರೆ. ಹಣವಿಲ್ಲದೆ ಹೋಗಲಾರದವರಿಗೆಂದು ಕಟ್ಟಿದ್ದಕ್ಕೆ ಈಗ ಅತ್ತ ಕಡೆಯವರೂ ಬರುತ್ತಿದ್ದಾರೆ.

ನಮ್ಮ ಕಿನ್ನಿಗೋಳಿಯ ಹೃದಯದ ಡಾಕ್ಟರು ದೇವಿ ಶೆಟ್ಟರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಮೆರಿಕದವರು ಬೊಮ್ಮಸಂದ್ರದ ನಮ್ಮ ಆಸ್ಪತ್ರೆಗೆ ಬರುವುದು ದೂರ, ನಾವೇ ಹತ್ತಿರ ಹೋದರಾಯಿತು ಎಂದು 2014ರಲ್ಲಿ ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪದಲ್ಲಿ ಆಸ್ಪತ್ರೆ ತೆರೆದರು. ಮಯಾಮಿಯಿಂದ ಅಲ್ಲಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ಅಮೆರಿಕದವರು ಸಾಲುಗಟ್ಟಿ ಬರುತ್ತಾರೆ ಎಂದುಕೊಂಡಿದ್ದರು, ಅಷ್ಟಾಗಿ ಬರಲಿಲ್ಲ. ಬಂದವರು ಹೆಚ್ಚಾಗಿ ದ್ವೀಪದವರೇ, ಸುತ್ತಮುತ್ತಲ ಕೆರಿಬಿಯನ್ ನಾಡಿನವರೇ. ಇದು ನನಗೆ ಬಹಳ ಕುತೂಹಲದ ವಿಷಯ. ದರ ಕಡಿಮೆ, ದೂರ ಕಡಿಮೆ, ಡಾಕ್ಟರು ಒಳ್ಳೆಯವರು. ಆದರೂ ಜನ ಯಾಕೆ ಬರಲಿಲ್ಲ? ಜನ ದರ ನೋಡಿಕೊಂಡು ಮಾತ್ರ ಹೊರಡುವುದಿಲ್ಲ ಎಂದು ನನಗೆ ತೋರುತ್ತದೆ. ಅಲ್ಲಿ ಯಾರಾದರೂ ತಮ್ಮವರಿರಬೇಕು, ಮೊದಲು ಹೋಗಿಬಂದವರು ಇರಬೇಕು, ನೋವನ್ನು ತಮ್ಮ ಮಾತಿನಲ್ಲಿ ಹೇಳಿಕೊಳ್ಳುವ ಧೈರ್ಯ ಇರಬೇಕು. ಅಕ್ಕನ ಮಗನಿಗೆ ಮೆಕ್ಸಿಕೊ ಎಷ್ಟು ಹತ್ತಿರ! ಹಲ್ಲಿಗೆ, ಔಷಧಿಗೆ ಅಮೆರಿಕದ ಗಡಿ ರಾಜ್ಯಗಳಿಂದ ಜನ ನಡೆದುಕೊಂಡೇ ಗಡಿ ದಾಟಿ ಹೋಗಿಬರುತ್ತಾರೆ. ಇವನು ಅದನ್ನು ಬಿಟ್ಟು ಭೂಮಿಯ ಅರ್ಧ ಸುತ್ತಿ ಬಂದ.

ಕರಾವಳಿಯವರಿಗೆ ಇದೆಲ್ಲ ಹೊಸದಲ್ಲ. ದುಬೈ, ಮಸ್ಕತ್, ದಮ್ಮಾಮಿನಿಂದ ರಜೆಗೆ ಮಂಗಳೂರಿಗೆ ಇಳಿದವರು ಅರ್ಧ ರಜೆಯನ್ನು ಮದುವೆಗಳಲ್ಲೂ ಅರ್ಧವನ್ನು ಆಸ್ಪತ್ರೆಗಳಲ್ಲೂ ಕಳೆಯುವುದು ಎಷ್ಟೋ ವರ್ಷದ ರೂಢಿ. ಫಾದರ್ ಮುಲ್ಲರ್ಸ್ ಅಲ್ಲಿ 1880ರಿಂದ ಇದೆ, ಮಣಿಪಾಲದ ಕೆಎಂಸಿ 1953ರಿಂದ. ಉಡುಪಿ, ಭಟ್ಕಳ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಅಜ್ಜಿಯ ಫೈಲಿನ ನಂಬರು ಮೊಮ್ಮಗನಿಗೂ ಬಾಯಿಪಾಠ. ಹಳೆಯ ರೆಕಾರ್ಡು ಒಂದೇ ಕಡೆ ಇರುವುದರ ಬೆಲೆ ಅವರಿಗೆ ಚೆನ್ನಾಗಿ ಗೊತ್ತು.

ಇನ್ನು ವೀಸಾ ಹಿಡಿದು ಬರುವವರು. ಬೊಮ್ಮಸಂದ್ರದ ಹೆಲ್ತ್ ಸಿಟಿಯ ಸುತ್ತ ಒಮ್ಮೆ ಓಡಾಡಿ ಬಂದರೆ ಆನೇಕಲ್ ತಾಲ್ಲೂಕಿನಲ್ಲಿ ಇದ್ದೇವೆಂಬುದೇ ಮರೆತುಹೋಗುತ್ತದೆ. ಲಾಡ್ಜುಗಳ ಮೇಲೆ ಬಂಗಾಳಿ ಬೋರ್ಡು, ಮೀನಿನ ಸಾರು ಅನ್ನದ ಬಂಗಾಳಿ ಹೋಟೆಲು. ಕೋಲ್ಕತ್ತಾದವರೂ ಢಾಕಾದವರೂ ಅಕ್ಕಪಕ್ಕ ಕೂತು ಉಣ್ಣುತ್ತಾರೆ. ವೆಲ್ಲೂರಿನ ಸಿಎಂಸಿಯ ಮುಂದಿನ ಬೀದಿಗಳಲ್ಲೂ ಹೀಗೇ. ಭಾರತಕ್ಕೆ ಚಿಕಿತ್ಸೆಗೆ ಬರುವ ವಿದೇಶಿಯರಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನ ಬಾಂಗ್ಲಾದೇಶದವರದ್ದೇ ಆಗಿತ್ತು. ರೋಗಿಗೆ ಮೆಡಿಕಲ್ ವೀಸಾ, ಜೊತೆಗೆ ಬರುವ ಇಬ್ಬರವರೆಗೆ ಅಟೆಂಡೆಂಟ್ ವೀಸಾ. 2024ರ ಆಗಸ್ಟಿನಲ್ಲಿ ಅಲ್ಲಿ ಸರ್ಕಾರ ಬಿದ್ದಮೇಲೆ ನಮ್ಮ ವೀಸಾ ಕೇಂದ್ರಗಳು ಕೈ ಬಿಗಿ ಮಾಡಿದವು. ಮರುವರ್ಷ ಚೀನಾದವರು ಕುನ್ಮಿಂಗ್‌ನ ಆಸ್ಪತ್ರೆಗಳನ್ನು ಬಾಂಗ್ಲಾ ರೋಗಿಗಳಿಗೆಂದು ಗೊತ್ತುಮಾಡಿಕೊಟ್ಟರು. ಆರು ತಿಂಗಳಿಗೊಮ್ಮೆ ಬಂದು ಅದೇ ಡಾಕ್ಟರಿಗೆ ತೋರಿಸಿಕೊಳ್ಳುತ್ತಿದ್ದ ಕ್ಯಾನ್ಸರಿನ ರೋಗಿಗೆ ಈ ರಾಜಕಾರಣದಲ್ಲಿ ಏನು ಪಾಲು? ಗೊತ್ತಿರುವ ಡಾಕ್ಟರನ್ನು ಬಿಟ್ಟು, ಗೊತ್ತಿಲ್ಲದ ಭಾಷೆಯ ಊರಿಗೆ ಫೈಲು ಹೊತ್ತುಕೊಂಡು ಹೊರಡಬೇಕು. ಪರದೇಶದ ಆಸ್ಪತ್ರೆಯನ್ನು ನಂಬಿದ ಯಾರಿಗೂ ಇದು ಆಗಬಹುದು, ವೀಸಾ ಬೇಡದ ಓಸಿಐ ಕಾರ್ಡು ಇರುವ ನಮ್ಮ ಮಕ್ಕಳಿಗೆ ಮಾತ್ರ ಅದರ ಬಿಸಿ ತಟ್ಟಿಲ್ಲ.

ಓರಗಿತ್ತಿಯ ಜೊತೆ ಸ್ಕ್ಯಾನಿಗೆ ಹೋದವಳು ನಾನೇ. ಮೆದುಳಿನ ಎಂಆರ್‌ಐ. ಒಳಗೆ ಬಿಡುವ ಮೊದಲು ಒಂದು ಫಾರಂ ಓದಿ ಹೇಳುತ್ತಾರೆ: ಪೇಸ್‌ಮೇಕರ್ ಇದೆಯಾ, ಕಿವಿಯೊಳಗೆ ಮಷೀನು ಇದೆಯಾ, ಯಾವಾಗಲಾದರೂ ರಾಡು ಪ್ಲೇಟು ಹಾಕಿಸಿಕೊಂಡಿದ್ದೀರಾ, ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತಾ. ಸಾಮಾನ್ಯ ಯಂತ್ರದ ಅಯಸ್ಕಾಂತ ಒಂದೂವರೆ ಟೆಸ್ಲಾದ್ದು, ಭೂಮಿಯ ಕಾಂತಶಕ್ತಿಯ ಸುಮಾರು 30,000 ಪಟ್ಟು. ಸುಮ್ಮನೆ ಕೇಳುವುದಿಲ್ಲ ಅವರು. ಆಮೇಲೆ ಬಳೆ, ಓಲೆ, ಮೂಗುಬಟ್ಟು, ಕಾಲುಂಗುರ ಒಂದೊಂದಾಗಿ ಬಿಚ್ಚಿಸಿದರು. ತಾಳಿಗೆ ಬಂದಾಗ ಅವಳು ನಿಂತಳು. ಲಂಡನ್ನಿನಲ್ಲಿ ಮೂವತ್ತು ವರ್ಷ ಇದ್ದವಳು, ಅಲ್ಲಿನ ಶಾಲೆಯಲ್ಲಿ ಪಾಠ ಮಾಡಿದವಳು, ಕತ್ತಿನ ಮೇಲೆ ಕೈ ಇಟ್ಟುಕೊಂಡು ನನ್ನ ಮುಖ ನೋಡಿದಳು. ಅಲ್ಲಿದ್ದ ಆಯಾ ಏನೂ ಕೇಳಲಿಲ್ಲ. ಸೆರಗಿನ ಒಳಗಿನಿಂದ ಸಣ್ಣ ಪೊಟ್ಟಣ ತೆಗೆದಳು. ಅದರಲ್ಲಿ ಅರಿಶಿನ ಹಚ್ಚಿದ ದಾರ, ಅದಕ್ಕೆ ಕಟ್ಟಿದ ಅರಿಶಿನದ ಕೊಂಬು. "ಇದನ್ನ ಕಟ್ಕೊಂಡು ಅದನ್ನ ತೆಗೀರಿ ಅಮ್ಮ. ದಿನಾ ಎಷ್ಟು ಜನಕ್ಕೆ ಕಟ್ತೀನಿ" ಎಂದು ಅವಳೇ ಹಿಂದಿನಿಂದ ಗಂಟು ಹಾಕಿದಳು. ಅರಿಶಿನಕ್ಕೆ ಅಯಸ್ಕಾಂತದ ಹಂಗಿಲ್ಲ. ಆ ಪೊಟ್ಟಣ ಆಸ್ಪತ್ರೆಯವರು ಕೊಟ್ಟದ್ದಲ್ಲ, ಅವಳ ಸ್ವಂತದ್ದು, ದಾರವೂ ಅವಳೇ ಕೊಂಡದ್ದು. ಈ ಊರಿನ ಸ್ಕ್ಯಾನಿಂಗಿನ ಬಗ್ಗೆ ಯಾರು ಬರೆದರೂ ಆ ಹೆಂಗಸಿನ ಕೈಯಿಂದ ಶುರುಮಾಡಬೇಕು ಎಂದು ನನಗೆ ಅನಿಸುತ್ತದೆ.

ಒಳಗಿದ್ದದ್ದು ಅರ್ಧ ಗಂಟೆ. ಕಿವಿಗೆ ಹತ್ತಿ, ಅದರ ಮೇಲೆ ಹೆಡ್‌ಫೋನು, ಕೈಯಲ್ಲಿ ರಬ್ಬರಿನ ಬುಗ್ಗೆ, ಹೆದರಿಕೆಯಾದರೆ ಒತ್ತಲು. ಕಟ್ಟಿಗೆ ಕೊಯ್ಯುವ ಮಿಲ್ಲಿನ ಪಕ್ಕ ಮಲಗಿದ ಹಾಗಿತ್ತು ಎಂದಳು ಹೊರಗೆ ಬಂದು. ಆದರೂ ಆ ಯಂತ್ರ ಮಾಡುವ ಕೆಲಸ ಎಷ್ಟು ನಯವಾದದ್ದು! ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಕಣಗಳನ್ನು ಅಯಸ್ಕಾಂತದಿಂದ ಸಾಲಿಗೆ ನಿಲ್ಲಿಸಿ, ರೇಡಿಯೊ ತರಂಗದಿಂದ ಮೆಲ್ಲಗೆ ತಟ್ಟಿ, ಅವು ಹಿಂದಿರುಗುವಾಗ ಹೇಳುವುದನ್ನು ಕೇಳಿಸಿಕೊಂಡು ಚಿತ್ರ ಬರೆಯುತ್ತದೆ. ಎಕ್ಸ್‌ರೇ ಕಿರಣ ಒಂದೂ ಇಲ್ಲ. ಇದಕ್ಕೆ ದಾರಿ ಮಾಡಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಸಿಟಿ ಸ್ಕ್ಯಾನ್ ಕಟ್ಟಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರಿಗೆ ಅದಕ್ಕೂ ಮೊದಲೇ, 1979ರಲ್ಲಿ. ಅವರ ಯಂತ್ರದಲ್ಲಿ ಮೊದಲ ರೋಗಿಯ ತಲೆ ನೋಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದೇ ಊರಿನಿಂದ ನನ್ನ ಓರಗಿತ್ತಿ ಇಲ್ಲಿಗೆ ಬಂದಿದ್ದಳು.

ಚಿತ್ರಕ್ಕಂತೂ ವೀಸಾ ಬೇಡ. ಇದನ್ನು ಬೆಂಗಳೂರಿನವರು ಬಹಳ ಮೊದಲೇ ಅರ್ಥಮಾಡಿಕೊಂಡರು ಎಂಬ ಹೆಮ್ಮೆ ನನಗಿದೆ. ಅಮೆರಿಕದ ಯೇಲ್‌ನಲ್ಲಿ ತರಬೇತಾಗಿ ಬಂದ ಡಾ. ಅರ್ಜುನ್ ಕಲ್ಯಾಣ್‌ಪುರ್ ಅವರು 2002ರಲ್ಲಿ ಇಲ್ಲಿ ಟೆಲಿರೇಡಿಯಾಲಜಿ ಸಂಸ್ಥೆ ಕಟ್ಟಿದರು. ನ್ಯೂಯಾರ್ಕಿನಲ್ಲಿ ನಡುರಾತ್ರಿಯಾದಾಗ ಇಲ್ಲಿ ಬೆಳಗಿನ ಒಂಬತ್ತೂವರೆಯೋ ಹತ್ತೂವರೆಯೋ. ಅಲ್ಲಿ ಅಪಘಾತವಾಗಿ ಎಮರ್ಜೆನ್ಸಿಗೆ ಬಂದವನ ತಲೆಯ ಸ್ಕ್ಯಾನನ್ನು ವೈಟ್‌ಫೀಲ್ಡಿನಲ್ಲಿ ಕಾಫಿ ಕುಡಿದು ಕೂತ, ಅಮೆರಿಕದ ಪರೀಕ್ಷೆಯನ್ನೇ ಪಾಸು ಮಾಡಿದ ಡಾಕ್ಟರು ನೋಡಿ, ಮೆದುಳಲ್ಲಿ ರಕ್ತ ಇದೆಯೋ ಇಲ್ಲವೋ ಹೇಳುತ್ತಾರೆ. ನಿದ್ದೆಗಣ್ಣಿನವರಿಗಿಂತ ಎಚ್ಚರದ ಕಣ್ಣಿನವರು ನೋಡುವುದು ಒಳ್ಳೆಯದಲ್ಲವೇ? ಅಲ್ಲಿನ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ದೇಶದ ಹೊರಗೆ ಮಾಡಿದ ಕೆಲಸಕ್ಕೆ ದುಡ್ಡು ಕೊಡುವುದಿಲ್ಲವಾದ್ದರಿಂದ ಅಂತಿಮ ರಿಪೋರ್ಟನ್ನು ಬೆಳಿಗ್ಗೆ ಅಲ್ಲಿನವರೇ ಬರೆಯುವ ಪದ್ಧತಿ ಬಂತು. ಆದರೂ ರಾತ್ರಿಯ ಮೊದಲ ಮಾತು ನಮ್ಮ ಊರಿನದು.

ಹಾಗಿದ್ದಮೇಲೆ ಮನುಷ್ಯ ಯಾಕೆ ಬರಬೇಕು, ಚಿತ್ರವೇ ಬಂದರೆ ಸಾಲದೇ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಅಕ್ಕನ ಮಗನ ಜೊತೆ ಹೋದಾಗ.

ರಿಪೋರ್ಟು ಬಂದ ರಾತ್ರಿ ಅವನು ಮಲಗಲಿಲ್ಲ. ಇಂಗ್ಲಿಷಿನಲ್ಲಿ ಒಂದು ಪುಟ: ಎಲ್‌ ನಾಲ್ಕು ಐದರ ನಡುವೆ ಡಿಸ್ಕ್ ಬಲ್ಜ್, ಅಲ್ಲೊಂದು ಸವೆತ, ಇಲ್ಲೊಂದು ನರದ ಮೇಲೆ ಸ್ವಲ್ಪ ಒತ್ತಡ. ಒಂದೊಂದು ಪದವನ್ನೂ ಫೋನಿನಲ್ಲಿ ಹುಡುಕಿ ಹುಡುಕಿ ಬೆಳಗಾಗುವ ಹೊತ್ತಿಗೆ ಆಪರೇಷನ್ ಟೇಬಲ್ಲಿನವರೆಗೆ ಹೋಗಿದ್ದ. ಮಾರನೆಯ ದಿನ ನಾನು ಗೊತ್ತುಮಾಡಿದ್ದ ಡಾಕ್ಟರು, ವಯಸ್ಸಾದವರು, ಫಿಲ್ಮಿನ ಕವರನ್ನು ಇಸಿದುಕೊಂಡು ಬಿಚ್ಚದೆ ಮೇಜಿನ ಮೇಲೆ ಇಟ್ಟರು. "ಇದು ಎಲ್ಲೂ ಹೋಗಲ್ಲ. ನೀನು ಹೇಳಪ್ಪ" ಅಂದರು. ಯಾವಾಗ ಶುರುವಾಯಿತು, ಕೆಮ್ಮಿದರೆ ಕಾಲಿಗೆ ಹೊಡೆಯುತ್ತದೆಯೇ, ಯಾವ ಬೆರಳಿನವರೆಗೆ, ಮೂತ್ರಕ್ಕೆ ತೊಂದರೆ ಇದೆಯೇ, ಕೆಲಸದಲ್ಲಿ ಎಷ್ಟು ಹೊತ್ತು ಏಳದೆ ಕೂರುತ್ತೀಯ. ಚಪ್ಪಲಿ ಬಿಡಿಸಿ ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಮಲಗಿಸಿ ಮಂಡಿ ಮಡಿಸದೆ ಕಾಲು ಎತ್ತಿದರು. ಹೆಬ್ಬೆರಳನ್ನು ತಮ್ಮ ಬೆರಳಿಗೆ ಎದುರಾಗಿ ಒತ್ತಲು ಹೇಳಿದರು. ಇಷ್ಟೆಲ್ಲ ಆದಮೇಲೆ ಫಿಲ್ಮ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಪ್ಪು ಮಚ್ಚೆಯ ಮೇಲೆ ಪೆನ್ನಿನ ಹಿಂಬದಿ ಇಟ್ಟು ಹೇಳಿದರು: "ಇದಿದೆ. ಆದ್ರೆ ನಿನ್ನ ಕಾಲಲ್ಲಿ ಶಕ್ತಿ ಇದೆ. ಇದಕ್ಕೆ ಕತ್ತರಿ ಬೇಡ."

ಅವರು ಹೇಳಿದ್ದಕ್ಕೆ ಪುರಾವೆ ಪುಸ್ತಕದಲ್ಲೂ ಇದೆ. ಬೆನ್ನುನೋವೇ ಇಲ್ಲದವರ ಬೆನ್ನಿನ ಸ್ಕ್ಯಾನುಗಳನ್ನು ನೋಡಿದ 33 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದಿದೆ. ಏನೂ ನೋವಿಲ್ಲದ ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಜನಕ್ಕೆ ಡಿಸ್ಕ್ ಬಲ್ಜ್ ಕಾಣುತ್ತದೆ, ಎಂಬತ್ತರವರಲ್ಲಿ ನೂರಕ್ಕೆ 84 ಜನಕ್ಕೆ. ತಲೆ ನರೆತ ಹಾಗೆಯೇ ಇದೂ ವಯಸ್ಸಿನ ಗುರುತು. ಚಿತ್ರದಲ್ಲಿ ಕಂಡದ್ದು ಬೇರೆ, ನೋವಿನ ಮೂಲ ಬೇರೆ ಇರಬಹುದು. ಎರಡನ್ನೂ ಕೂಡಿಸಿ ನೋಡಲು ಕಾಲನ್ನು ಕೈಯಲ್ಲಿ ಹಿಡಿದ ಒಬ್ಬ ಮನುಷ್ಯ ಬೇಕು. ಸಮುದ್ರ ದಾಟಿ ಬರುವುದಾದರೆ ಅದಕ್ಕಾಗಿ ಬರಬೇಕು. ಟೆಕ್ಸಸ್‌ನಲ್ಲಿ ಸಿಗದೇ ಹೋದದ್ದು ಎಂಆರ್‌ಐ ಅಲ್ಲ, ಡಾಕ್ಟರ ಜೊತೆಗಿನ ಈ ಅರ್ಧ ಗಂಟೆ.

ಅದಕ್ಕೇ ನನಗೆ ಮಾಸ್ಟರ್ ಚೆಕಪ್ ಪ್ಯಾಕೇಜುಗಳ ಬಗ್ಗೆ ಭಯ. "ಹೇಗೂ ಬಂದಿದ್ದೀನಿ, ತಲೆಯಿಂದ ಕಾಲಿನವರೆಗೆ ಒಂದ್ಸಲ ನೋಡಿಬಿಡಲಿ" ಎನ್ನುವವರನ್ನು ಕಂಡರೆ ಕೈ ಹಿಡಿದು ಕೂರಿಸಿ ಹೇಳಬೇಕು ಅನಿಸುತ್ತದೆ. ದಕ್ಷಿಣ ಕೊರಿಯಾದಲ್ಲಿ ಕ್ಯಾನ್ಸರ್ ತಪಾಸಣೆಗೆ ಹೋದವರಿಗೆ ಸ್ವಲ್ಪವೇ ಹೆಚ್ಚು ದುಡ್ಡಿಗೆ ಕತ್ತಿನ ಅಲ್ಟ್ರಾಸೌಂಡನ್ನೂ ಸೇರಿಸಿ ಮಾಡುತ್ತಿದ್ದರು. 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದವರ ಪ್ರಮಾಣ 15 ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಜೀವಮಾನವಿಡೀ ಮಾತ್ರೆ ನುಂಗುವಂತಾಯಿತು. ಅಗ್ಗವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಹುಡುಕಲು ಹೊರಟರೆ ಏನಾದರೂ ಸಿಕ್ಕೇ ಸಿಗುತ್ತದೆ. ರೋಗಲಕ್ಷಣವಿಲ್ಲದವರಿಗೆ ಇಡೀ ಮೈಯ ಎಂಆರ್‌ಐ ಬೇಕೆನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ರೇಡಿಯಾಲಜಿ ಕಾಲೇಜೇ 2023ರಲ್ಲಿ ಹೇಳಿದೆ. ಸಿಟಿಯ ವಿಷಯದಲ್ಲಿ ವಿಕಿರಣದ ಲೆಕ್ಕವೂ ಇದೆ. ಒಂದು ಎದೆಯ ಸಿಟಿ ಹತ್ತಾರು ಎದೆಯ ಎಕ್ಸ್‌ರೇಗಳಿಗೆ ಸಮ. ಕಾರಣವಿದ್ದಾಗ ಅದು ಪ್ರಾಣ ಉಳಿಸುತ್ತದೆ, ಕಾರಣವಿಲ್ಲದಾಗ ಯಾಕೆ ಬೇಕು?

ಗರ್ಭಿಣಿಯಾಗಿ ಬಂದ ಹೆಣ್ಣುಮಕ್ಕಳಿಗೂ ಒಂದು ಮಾತು ಹೇಳುತ್ತೇನೆ. ಅಲ್ಲಿ ಮಗು ಗಂಡೋ ಹೆಣ್ಣೋ ಎಂದು ಸ್ಕ್ಯಾನಿನವರು ಸಲೀಸಾಗಿ ಹೇಳುತ್ತಾರೆ. ಇಲ್ಲಿ ಕೇಳಲೂಬೇಡಿ. 1994ರ ಕಾಯ್ದೆಯಂತೆ ಅದು ಅಪರಾಧ, ಪ್ರತಿ ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲೂ ಬರೆದಿರುತ್ತದೆ. ನಮ್ಮ ನಾಡಿನಲ್ಲಿ ಹುಟ್ಟದೇ ಹೋದ ಹೆಣ್ಣುಮಕ್ಕಳ ಕಾರಣಕ್ಕೆ ಆ ಬೋರ್ಡು ಬಂದಿದೆ.

ಬರುವವರು ಮಾಡಬೇಕಾದ ಕೆಲಸ ಬಹಳ ಇಲ್ಲ. ಆದರೆ ಅದನ್ನು ಬಹಳ ಜನ ಮಾಡುವುದಿಲ್ಲ. ರಜೆಯ ಮೊದಲ ವಾರದಲ್ಲೇ ಡಾಕ್ಟರನ್ನು ನೋಡಿ, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಸ್ಕ್ಯಾನಿನಲ್ಲಿ ಏನಾದರೂ ಕಂಡು ಬಯಾಪ್ಸಿ ಬೇಕೆಂದರೆ ಅದರ ಫಲಿತಾಂಶಕ್ಕೆ ದಿನಗಳು ಹಿಡಿಯುತ್ತವೆ, ವಿಮಾನ ಕಾಯುವುದಿಲ್ಲ. ಮೊದಲು ಡಾಕ್ಟರು, ಆಮೇಲೆ ಅವರು ಬೇಕೆಂದರೆ ಸ್ಕ್ಯಾನು. ಅಲ್ಲಿ ಹಿಂದೆ ಮಾಡಿಸಿದ ಸ್ಕ್ಯಾನುಗಳ ಸಿಡಿ ತನ್ನಿ, ಬರಿಯ ರಿಪೋರ್ಟಿನ ಫೋಟೊ ಸಾಲದು. ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಿದರೇ ಗಂಟು ಬೆಳೆದಿದೆಯೋ ಇಲ್ಲವೋ ಗೊತ್ತಾಗುವುದು. ಹೋಗುವಾಗ ಇಲ್ಲಿನದನ್ನೂ ಡೈಕಾಮ್ ರೂಪದಲ್ಲಿ ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ತೆಗೆದುಕೊಳ್ಳಿ. ಅದು ಎಲ್ಲ ದೇಶದ ಆಸ್ಪತ್ರೆಗಳ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಕಾಂಟ್ರಾಸ್ಟ್ ಹಾಕುತ್ತೇವೆಂದರೆ ಕಿಡ್ನಿಯ ಕ್ರಿಯಾಟಿನಿನ್ ನೋಡಿದ್ದೀರಾ ಎಂದು ಕೇಳಿ.

ಒಂದು ಸಂಕಟ ಮಾತ್ರ ನನ್ನನ್ನು ಬಿಡುವುದಿಲ್ಲ. ಅಕ್ಕನ ಮಗ ಬಂದ ಮೂರನೆಯ ದಿನ ಸ್ಕ್ಯಾನು, ನಾಲ್ಕನೆಯ ದಿನ ಡಾಕ್ಟರು. ಅದೇ ತಿಂಗಳು ನಮ್ಮ ಮನೆಗೆಲಸದ ಹೆಂಗಸಿನ ಅಕ್ಕ, ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು, ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಬಂದಿದ್ದರು. ಅವರಿಗೂ ಎಂಆರ್‌ಐ ಬರೆದಿದ್ದರು, ದಿನಾಂಕ ವಾರಗಳ ಮುಂದಕ್ಕೆ ಸಿಕ್ಕಿತ್ತು. ಡಾಲರಿನವನಿಗೆ ನಾಳೆ ಸಿಗುವ ಯಂತ್ರ ರಾಯಚೂರಿನವರಿಗೆ ಮುಂದಿನ ತಿಂಗಳು ಸಿಗುವುದಾದರೆ, ಇಡೀ ಜಗತ್ತೇ ನಮ್ಮ ಊರಿಗೆ ಬರುತ್ತಿದೆ ಎಂದು ನಾವು ಹಿಗ್ಗುವುದು ಹೇಗೆ? ಹೊರಗಿನವರು ಬರಬಾರದೆಂದಲ್ಲ. ಅವರು ತರುವ ದುಡ್ಡಿನಿಂದ ಯಂತ್ರಗಳು ಹೆಚ್ಚಾಗಲಿ, ರಾಯಚೂರಿನಲ್ಲೂ ರಾತ್ರಿ ಹನ್ನೊಂದರವರೆಗೆ ಓಡಲಿ. ಅಲ್ಲಿ ಫಿಲ್ಮು ಓದಲು ಡಾಕ್ಟರಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ನ್ಯೂಯಾರ್ಕಿನ ಚಿತ್ರವನ್ನು ಓದುವ ಊರು ದೇವದುರ್ಗದ ಚಿತ್ರವನ್ನು ಓದಲಾರದೇ?

ಕೊನೆಗೂ ಆ ದೇವದುರ್ಗದವರ ಸರದಿ ಬಂದಾಗ ಜೊತೆಗೆ ನಾನೂ ಹೋದೆ. ಫಿಲ್ಮನ್ನು ಬಟ್ಟೆ ಅಂಗಡಿಯ ಚೀಲದಲ್ಲಿ ಸುತ್ತಿ ಎದೆಗೆ ಅಪ್ಪಿಕೊಂಡಿದ್ದರು. "ಇದ್ರಾಗ ಏನೈತ್ರೀ ಅಮ್ಮಾ, ನೀವರ ಓದಿ ಹೇಳ್ರಿ" ಎಂದು ಬೆಂಚಿನ ಮೇಲೆ ಕೂತು ಕೇಳಿದರು. ಅಕ್ಕನ ಮಗ ರಾತ್ರಿಯಿಡೀ ಫೋನನ್ನು ಕೇಳಿದ್ದೂ ಇದನ್ನೇ.

ಅಕ್ಕನ ಮಗ ಹೊರಡುವ ಮುಂಚೆ ಅವನ ಡಾಕ್ಟರು ಕೈಗೆ ಒಂದು ಪತ್ರ ಕೊಟ್ಟಿದ್ದರು. ನಮ್ಮ ದೇಶದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ವ್ಯಾಪ್ತಿಗೆ ಹೊರದೇಶದಲ್ಲಿರುವವರ ಕನ್ಸಲ್ಟೇಶನ್ ಬರುವುದಿಲ್ಲ, ಹಾಗಾಗಿ ಅಲ್ಲಿಂದ ವಿಡಿಯೊ ಮಾಡಿ ಕೇಳಬೇಡ, ಅಲ್ಲಿನ ನಿನ್ನ ಡಾಕ್ಟರಿಗೆ ಇದನ್ನು ಕೊಡು ಎಂದಿದ್ದರು. ಕಾಲಿನ ಯಾವ ಸ್ನಾಯುವಿನಲ್ಲಿ ಎಷ್ಟು ಬಲವಿದೆ, ಯಾವ ವ್ಯಾಯಾಮ ಎಷ್ಟು ವಾರ, ಯಾವ ಲಕ್ಷಣ ಕಂಡರೆ ಮಾತ್ರ ಮತ್ತೆ ಸ್ಕ್ಯಾನು ಎಂದೆಲ್ಲ ಒಂದೇ ಪುಟದಲ್ಲಿ ಬರೆದಿದ್ದರು. ಟೆಕ್ಸಸ್‌ನ ಫಿಸಿಯೊಥೆರಪಿಸ್ಟ್ ಆ ಪುಟವನ್ನು ಓದಿ ಅಲ್ಲಿಂದಲೇ ಶುರುಮಾಡಿದರಂತೆ, ಇನ್ನೊಂದು ಎಂಆರ್‌ಐ ಕೇಳಲಿಲ್ಲವಂತೆ. ಆ ಪತ್ರ ನನ್ನ ತಲೆಯಲ್ಲಿತ್ತು. ಸರ್ಕಾರಿ ಆಸ್ಪತ್ರೆಯ ಕೋಣೆಯಲ್ಲಿ, ಹಿಂದೆ ಸಾಲು ನಿಂತಿದ್ದರೂ, ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ: "ಇವರ ಊರಿನ ಡಾಕ್ಟರಿಗೆ ಒಂದು ಕಾಗದ ಬರೆದುಕೊಡ್ತೀರಾ?" ಆಕೆ ತಲೆಯೆತ್ತಿ ಒಮ್ಮೆ ನನ್ನನ್ನೂ ಒಮ್ಮೆ ಅವರನ್ನೂ ನೋಡಿದರು. "ತಾಲ್ಲೂಕು ಆಸ್ಪತ್ರೆಯಲ್ಲಿ ಯಾರನ್ನ ನೋಡ್ತೀರಿ?" ಎಂದು ಕೇಳಿ, ಕುರ್ಚಿ ಹತ್ತಿರ ಎಳೆದುಕೊಂಡು ಬರೆಯಲು ಕೂತರು. ಮಾತ್ರೆಯ ಹೆಸರು, ಎಷ್ಟು ದಿನ, ಯಾವಾಗ ತಿರುಗಿ ಕಳಿಸಬೇಕು, ಕೆಳಗೆ ಫೋನ್ ನಂಬರು. ಬರೆದದ್ದನ್ನು ಕೈಗೆ ಕೊಡುವ ಮೊದಲು ಕನ್ನಡದಲ್ಲಿ ಜೋರಾಗಿ ಒಮ್ಮೆ ಓದಿ ಹೇಳಿದರು, ಆಮೇಲೆ ಮುಂದಿನ ನಂಬರು ಕರೆದರು.